ಆಹಾರಜನ್ಯ ಬ್ಯಾಕ್ಟೀರಿಯಾಗಳ ವಿರುದ್ಧ ಸಸ್ಯಸಾರಗಳು: ಕೊಡಿಗೇನಹಳ್ಳಿ ಸೀಮೆಯ ಗಿಡಮರಗಳ ನೆಲೆಯಿಂದ

ಗಿಡಮರಗಳ ಎಲೆ, ತೊಗಟೆ, ಬೇರು, ಬೀಜ, ಹಣ್ಣುಗಳಿಂದ ನೀರು, ಮದ್ಯಸಾರ, ಎಣ್ಣೆ ಇಲ್ಲವೆ ಹಬೆಯ ನೆರವಿನಿಂದ ಬೇರ್ಪಡಿಸಿದ ಕೆಲವು ಪದಾರ್ಥಗಳು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತವೆ, ಕೆಲವು ಅವನ್ನು ಕೊಲ್ಲುತ್ತವೆ. ಇವನ್ನು ಸಸ್ಯಜನ್ಯ ಸೂಕ್ಷ್ಮಜೀವಿನಿರೋಧಕಗಳು ಎನ್ನುತ್ತಾರೆ. ಕಷಾಯ, ಚಟ್ನಿ, ಉಪ್ಪಿನಕಾಯಿ, ಒಗ್ಗರಣೆಗಳ ರೂಪದಲ್ಲಿ ಇವು ಬಹುಕಾಲದಿಂದ ನಮ್ಮ ಅಡುಗೆಮನೆಯಲ್ಲಿವೆ. ಇವುಗಳ ಬಲವನ್ನು ಅಳೆದು ನೋಡುವ ಕೆಲಸ ಮಾತ್ರ ಈಚಿನದು. ಕರ್ನಾಟಕದಲ್ಲಿ ಈ ಕೆಲಸ ಹೆಚ್ಚಾಗಿ ನಡೆದಿರುವುದು ಮೈಸೂರಿನಲ್ಲಿ, 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ (ಸಿಎಫ್‌ಟಿಆರ್‌ಐ) ಹಾಗೂ ಮೈಸೂರು ವಿಶ್ವವಿದ್ಯಾನಿಲಯದಲ್ಲಿ.

ಕೊಡಿಗೇನಹಳ್ಳಿ ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಹೋಬಳಿ ಕೇಂದ್ರ. ಮಧುಗಿರಿಯಿಂದ ಆಂಧ್ರಪ್ರದೇಶದ ಹಿಂದೂಪುರಕ್ಕೆ ಹೋಗುವ ದಾರಿಯಲ್ಲಿದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ಈ ಭಾಗದ ಹೊಳೆ. ಕೃಷ್ಣಮೃಗಗಳಿಗೆ ಹೆಸರಾದ ಮೈದನಹಳ್ಳಿಯ ಹುಲ್ಲುಗಾವಲು ಇದೇ ಹೋಬಳಿಯಲ್ಲಿದೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕೂ ಮಳೆ ಕಡಿಮೆಯ ಬಯಲುಸೀಮೆಯ ತಾಲ್ಲೂಕುಗಳು. ರಾಗಿ, ಕಡಲೆಕಾಯಿ, ಹುಣಸೆ ಇಲ್ಲಿನ ಹಳೆಯ ಫಸಲುಗಳು; ಕೊಳವೆಬಾವಿ ಬಂದಮೇಲೆ ದಾಳಿಂಬೆಯೂ ಸೇರಿತು. ಹೊಲದ ಬದುವಿನಲ್ಲಿ ಬೇವು, ಹೊಂಗೆ, ಜಾಲಿ. ಗುಡ್ಡದ ಬುಡದಲ್ಲಿ ಸೀತಾಫಲ, ತಂಗಡಿ, ಕಕ್ಕೆ, ಮುತ್ತುಗ. ಕೊರಟಗೆರೆಯ ಸಿದ್ಧರಬೆಟ್ಟಕ್ಕೆ ಮೂಲಿಕೆಗಳ ಬೆಟ್ಟವೆಂಬ ಹೆಸರಿದೆ.

ಒಣನೆಲದ ಈ ಗಿಡಗಳು ಬಿಸಿಲು, ಹುಳು, ಮೇಯುವ ಜಾನುವಾರುಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಒಗರು, ಕಹಿ, ಘಾಟು, ಹುಳಿಗಳನ್ನು ತಮ್ಮೊಳಗೆ ತುಂಬಿಕೊಂಡಿವೆ. ಬ್ಯಾಕ್ಟೀರಿಯಾಗಳನ್ನು ತಡೆಯುವ ರಾಸಾಯನಿಕಗಳೂ ಬಹುಪಾಲು ಇವೇ.

ಎದುರಾಳಿಗಳು

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಕಲುಷಿತ ಆಹಾರದಿಂದ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4.2 ಲಕ್ಷ ಜನ ಸಾಯುತ್ತಾರೆ. ಸತ್ತವರಲ್ಲಿ ಸುಮಾರು 1.25 ಲಕ್ಷ ಮಂದಿ ಐದು ವರ್ಷ ತುಂಬದ ಮಕ್ಕಳು. ಈ ಎಲ್ಲದಕ್ಕೂ ಬ್ಯಾಕ್ಟೀರಿಯಾಗಳೇ ಕಾರಣವಲ್ಲ. ವೈರಸ್, ಪರೋಪಜೀವಿ, ವಿಷಪದಾರ್ಥಗಳ ಪಾಲೂ ಉಂಟು. ಬ್ಯಾಕ್ಟೀರಿಯಾಗಳ ಪೈಕಿ ಸಾಲ್ಮೊನೆಲ್ಲಾ, ಕೆಲವು ಬಗೆಯ ಇ. ಕೋಲಿ, ಕ್ಯಾಂಪೈಲೋಬ್ಯಾಕ್ಟರ್, ಲಿಸ್ಟೀರಿಯಾ, ಸ್ಟ್ಯಾಫಿಲೋಕಾಕಸ್ ಆರಿಯಸ್, ಬ್ಯಾಸಿಲಸ್ ಸೀರಿಯಸ್, ಕ್ಲಾಸ್ಟ್ರಿಡಿಯಂ ಮುಖ್ಯವಾದವು.

ಅನ್ನ ಮಾಡಿ ಗಂಟೆಗಟ್ಟಲೆ ಇಡುವ ನಮ್ಮ ಕಡೆ ಬ್ಯಾಸಿಲಸ್ ಸೀರಿಯಸ್ ವಿಶೇಷ ಗಮನಕ್ಕೆ ಅರ್ಹ. ಇದು ಮಣ್ಣಿನ ಬ್ಯಾಕ್ಟೀರಿಯಾ. ಇದರ ಬೀಜಾಣುಗಳು ಅಕ್ಕಿ, ಮಸಾಲೆಗಳ ಜೊತೆ ಅಡುಗೆಮನೆಗೆ ಬಂದು, ಅನ್ನ ಬೇಯುವಾಗಿನ ಶಾಖವನ್ನೂ ತಾಳಿಕೊಳ್ಳುತ್ತವೆ. ಅನ್ನ ಉಗುರುಬೆಚ್ಚಗೆ ಉಳಿದರೆ ಮೊಳೆತು ವಿಷ ಕಟ್ಟುತ್ತವೆ. ವಾಂತಿ ತರಿಸುವ ಆ ವಿಷ ಅನ್ನವನ್ನು ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ಉಂಡ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಅಡುಗೆಯವರ ಕೈಗಾಯ, ಮೂಗುಗಳಿಂದ ಬರುವ ಸ್ಟ್ಯಾಫಿಲೋಕಾಕಸ್‌ನ ವಿಷದ ಗುಣವೂ ಇಂಥದೇ. ಜಾತ್ರೆಯ ಅನ್ನಸಂತರ್ಪಣೆ, ಮದುವೆ, ಶಾಲೆಯ ಬಿಸಿಯೂಟ ಎಲ್ಲ ಕಡೆಯೂ ಅಪಾಯ ಹೆಚ್ಚುವುದು ಬೆಂದ ಅಡುಗೆ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬಹಳ ಹೊತ್ತು ಉಳಿದಾಗ. ಮಧುಗಿರಿ ದಂಡಿನ ಮಾರಮ್ಮನ ಜಾತ್ರೆಯ ಹೊತ್ತಿಗೆ ಬಿಸಿಲು ಏರಿರುತ್ತದೆ. ಪಾತ್ರೆಯಲ್ಲಿಟ್ಟ ಅನ್ನ ಆ ಸೆಕೆಯಲ್ಲಿ ತಾನಾಗಿ ತಣಿಯಲಾರದು.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ಅಡುಗೆ ಹಳಸಿದ್ದನ್ನು ಮೂಗು ಹಿಡಿಯುತ್ತದೆ. ಆದರೆ ಅನ್ನವನ್ನು ಹಳಸುವ ಸೂಕ್ಷ್ಮಜೀವಿಗಳು ಬೇರೆ, ಮನುಷ್ಯನನ್ನು ಮಲಗಿಸುವವು ಬೇರೆ. ಎರಡನೆಯ ಬಗೆಯವು ವಾಸನೆಯನ್ನಾಗಲೀ ರುಚಿಯನ್ನಾಗಲೀ ಕೆಡಿಸದೆ ಬೆಳೆಯಬಲ್ಲವು.

ಸಸ್ಯಸಾರ ಕೆಲಸ ಮಾಡುವ ಬಗೆ

ಬ್ಯಾಕ್ಟೀರಿಯಾದ ಜೀವಕೋಶವನ್ನು ಸುತ್ತುವರಿದಿರುವ ಪೊರೆ ಕೊಬ್ಬಿನ ಅಂಶದ್ದು. ಓಮದ ಥೈಮಾಲ್, ದೊಡ್ಡಪತ್ರೆಯ ಕಾರ್ವಕ್ರಾಲ್, ಲವಂಗ ಮತ್ತು ತುಳಸಿಯ ಯೂಜೆನಾಲ್, ಚಕ್ಕೆಯ ಸಿನ್ನಮಾಲ್ಡಿಹೈಡ್ ಮೊದಲಾದ ತೈಲಾಂಶಗಳು ನೀರಿಗಿಂತ ಕೊಬ್ಬಿನಲ್ಲಿ ಸುಲಭವಾಗಿ ಬೆರೆಯುತ್ತವೆ. ಹಾಗಾಗಿ ಪೊರೆಯೊಳಕ್ಕೆ ಇಳಿದು ಅದನ್ನು ಸಡಿಲಗೊಳಿಸುತ್ತವೆ. ಪೊಟ್ಯಾಸಿಯಂ, ಶಕ್ತಿಯ ನಾಣ್ಯವಾದ ಎಟಿಪಿ ಹೊರಕ್ಕೆ ಸೋರಿ ಜೀವಕೋಶ ಸೊರಗುತ್ತದೆ. ಬೆಳ್ಳುಳ್ಳಿಯ ದಾರಿ ಬೇರೆ. ಎಸಳು ಇಡಿಯಾಗಿರುವಾಗ ಅದರಲ್ಲಿ ಅಲಿಸಿನ್ ಇರುವುದಿಲ್ಲ. ಜಜ್ಜಿದಾಗ ಅಲಿನ್ ಎಂಬ ವಸ್ತುವನ್ನು ಅಲ್ಲಿನದೇ ಕಿಣ್ವ ಮುಟ್ಟಿ ಅಲಿಸಿನ್ ಹುಟ್ಟುತ್ತದೆ. ಅದು ಬ್ಯಾಕ್ಟೀರಿಯಾದ ಕಿಣ್ವಗಳ ಗಂಧಕದ ಗುಂಪುಗಳಿಗೆ ಅಂಟಿ ಅವನ್ನು ನಿಲ್ಲಿಸುತ್ತದೆ. ಅಲಿಸಿನ್ ಅನ್ನು 1944ರಲ್ಲಿ ಕ್ಯಾವಲಿಟೊ ಮತ್ತು ಬೈಲಿ ಬೇರ್ಪಡಿಸಿದರು. ಬೆಳ್ಳುಳ್ಳಿಯನ್ನು ಇಡಿಯಾಗಿ ಬೇಯಿಸಿದರೆ ಕಿಣ್ವ ಸಾಯುವುದರಿಂದ ಈ ಬಲ ಬಹುಪಾಲು ಹುಟ್ಟುವುದೇ ಇಲ್ಲ.

ಜಾಲಿ, ತಂಗಡಿ, ನೆಲ್ಲಿ, ನೇರಳೆ, ದಾಳಿಂಬೆ ಸಿಪ್ಪೆಗಳ ಒಗರಿಗೆ ಟ್ಯಾನಿನ್‌ಗಳು ಕಾರಣ. ಹಿಂದೆ ಈ ಸೀಮೆಯಲ್ಲಿ ತೊಗಲು ಹದಮಾಡಲು ತಂಗಡಿ ಮತ್ತು ಜಾಲಿಯ ತೊಗಟೆಯನ್ನು ಬಳಸುತ್ತಿದ್ದುದು ಇದೇ ಗುಣಕ್ಕಾಗಿ: ಟ್ಯಾನಿನ್ ಪ್ರೋಟೀನಿಗೆ ಅಂಟಿ ಅದನ್ನು ಬಿಗಿಯುತ್ತದೆ. ಬ್ಯಾಕ್ಟೀರಿಯಾದ ಪ್ರೋಟೀನುಗಳನ್ನೂ ಹಾಗೆಯೇ ಕಟ್ಟಿಹಾಕುತ್ತದೆ. ಅದಕ್ಕೆ ಬೇಕಾದ ಕಬ್ಬಿಣವನ್ನೂ ಹಿಡಿದಿಟ್ಟುಕೊಳ್ಳುತ್ತದೆ.

1884ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ರೂಪಿಸಿದ ಬಣ್ಣ ಹಾಕುವ ವಿಧಾನದಿಂದ ಬ್ಯಾಕ್ಟೀರಿಯಾಗಳನ್ನು ಗ್ರಾಂ ಧನ, ಗ್ರಾಂ ಋಣ ಎಂದು ಎರಡಾಗಿ ವಿಂಗಡಿಸುತ್ತಾರೆ. ಸಸ್ಯಸಾರಗಳ ವಿಷಯದಲ್ಲಿ ಈ ವಿಂಗಡಣೆ ಬಹಳ ಮುಖ್ಯ. ಬ್ಯಾಸಿಲಸ್, ಸ್ಟ್ಯಾಫಿಲೋಕಾಕಸ್, ಲಿಸ್ಟೀರಿಯಾ ಗ್ರಾಂ ಧನ. ಇವು ಸಸ್ಯಸಾರಕ್ಕೆ ಬೇಗ ಬಗ್ಗುತ್ತವೆ. ಸಾಲ್ಮೊನೆಲ್ಲಾ, ಇ. ಕೋಲಿ ಗ್ರಾಂ ಋಣ. ಇವುಗಳಿಗೆ ಹೊರಗೆ ಇನ್ನೊಂದು ಪೊರೆ ಇರುವುದರಿಂದ ಸಾರ ಒಳಹೋಗುವುದು ಕಷ್ಟ. ‘ಬ್ಯಾಕ್ಟೀರಿಯಾ ಕೊಲ್ಲುತ್ತದೆ’ ಎಂಬ ಮಾತು ಕೇಳಿದಾಗಲೆಲ್ಲ ‘ಯಾವ ಬ್ಯಾಕ್ಟೀರಿಯಾ?’ ಎಂದು ಕೇಳಬೇಕಾದದ್ದು ಇದಕ್ಕೇ.

ಹುಣಸೆ

ಈ ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಹುಣಸೆಗಿಂತ ದೊಡ್ಡ ಸಂರಕ್ಷಕ ಇಲ್ಲ. ತೋಪುಗಳಲ್ಲಿ ಬೇಸಿಗೆಗೆ ಮುಂಚೆ ಕಾಯಿ ಹಣ್ಣಾಗುತ್ತದೆ. ಬಡಿದು ಉದುರಿಸಿ, ಒಣಗಿಸಿ, ಓಡು ಒಡೆದು, ನಾರು ಬೀಜ ತೆಗೆದು, ಉಪ್ಪು ಬೆರೆಸಿ ಮಡಕೆಗೆ ತುಂಬುತ್ತಾರೆ. ತುಮಕೂರಿನ ಮಾರುಕಟ್ಟೆ ರಾಜ್ಯದ ಹುಣಸೆ ವ್ಯಾಪಾರದಲ್ಲಿ ದೊಡ್ಡ ಹೆಸರು. ಹಣ್ಣಿನ ತಿರುಳಿನಲ್ಲಿ ಶೇ. 8ರಿಂದ 18ರಷ್ಟು ಟಾರ್ಟಾರಿಕ್ ಆಮ್ಲ ಇರುತ್ತದೆ. ಇಷ್ಟು ಹುಳಿ ಇರುವ ಹಣ್ಣುಗಳು ಕಡಿಮೆ.

ಹುಣಸೆಯ ರಕ್ಷಣೆ ಮುಖ್ಯವಾಗಿ ಆಮ್ಲತೆಯದು. ಆಹಾರದ ಪಿಎಚ್ 4.6ಕ್ಕಿಂತ ಕೆಳಗಿಳಿದರೆ ಬಾಟ್ಯುಲಿಸಂ ಎಂಬ ಮಾರಕ ಆಹಾರವಿಷಬಾಧೆ ತರುವ ಕ್ಲಾಸ್ಟ್ರಿಡಿಯಂ ಬೆಳೆಯದು. ಬ್ಯಾಸಿಲಸ್ ಸೀರಿಯಸ್‌ಗೂ ಆ ಮಟ್ಟದ ಹುಳಿ ಹಿಡಿಸದು. ಗಟ್ಟಿಯಾಗಿ ಕುದಿಸಿದ ಪುಳಿಯೋಗರೆ ಗೊಜ್ಜು ತಿಂಗಳುಗಟ್ಟಲೆ ಕೆಡದೆ ಇರುವುದರಲ್ಲಿ ಹುಳಿಯ ಜೊತೆ ಉಪ್ಪು, ಬೆಲ್ಲ, ಎಣ್ಣೆ, ಮೆಂತ್ಯ, ಮೆಣಸಿನಕಾಯಿ, ಇಂಗು, ನೀರಿನಂಶ ಬತ್ತಿಸುವುದು ಎಲ್ಲವೂ ಸೇರಿವೆ. ಆದರೆ ಒಂದು ಹಿಡಿ ಗೊಜ್ಜನ್ನು ಒಂದು ಪಾತ್ರೆ ಅನ್ನಕ್ಕೆ ಕಲಸಿದ ಮೇಲೆ ಅದೇ ರಕ್ಷಣೆ ಉಳಿದಿರುತ್ತದೆಂದು ನಂಬಬಾರದು. ಅನ್ನ ಹುಳಿಯನ್ನು ತೆಳುವಾಗಿಸುತ್ತದೆ, ಪಿಎಚ್ ಮೇಲೇರುತ್ತದೆ. ಗೊಜ್ಜಿನ ಆಯುಷ್ಯವನ್ನು ಕಲಸನ್ನಕ್ಕೂ ಕೊಡುವುದು ನಮ್ಮಲ್ಲಿ ಬಹಳ ಜನ ಮಾಡುವ ತಪ್ಪು. ಜೊತೆಗೆ, ಒಂದೇ ಪಿಎಚ್‌ನಲ್ಲಿ ಹೋಲಿಸಿದರೆ ವಿನೆಗರ್‌ನ ಅಸಿಟಿಕ್ ಆಮ್ಲ ಟಾರ್ಟಾರಿಕ್‌ಗಿಂತ ಕಠಿಣ. ಅದರ ಅಣು ಒಡೆಯದೆ ಉಳಿದು ಜೀವಕೋಶದೊಳಕ್ಕೆ ನುಸುಳಿ, ಒಳಗೆ ಹುಳಿ ಬಿಡುತ್ತದೆ. ಹುಣಸೆಯ ಆಮ್ಲ ಬಹುಮಟ್ಟಿಗೆ ಹೊರಗಿನಿಂದಲೇ ಕಾಡುತ್ತದೆ.

ಕಾಯಿಯ ತೂಕದಲ್ಲಿ ತಿರುಳು ಸುಮಾರು ಶೇ. 55 ಆದರೆ ಬೀಜ ಸುಮಾರು ಶೇ. 34. ಬೀಜದ ಕೆಂಪು ಸಿಪ್ಪೆಯಲ್ಲಿ ಟ್ಯಾನಿನ್ ಜಾತಿಯ ಪಾಲಿಫೀನಾಲ್‌ಗಳು ತುಂಬಿವೆ. ಬೀಜದೊಳಗಿನ ಬಿಳಿ ಹಿಟ್ಟಿಗೆ ಬಟ್ಟೆ ಗಿರಣಿಗಳಲ್ಲಿ ಗಂಜಿಯಾಗಿ ಬೇಡಿಕೆ ಇದೆ. ಸಿಪ್ಪೆಯದು ಹೆಚ್ಚಾಗಿ ತಿಪ್ಪೆಯ ಪಾಲು. ಹುಣಸೆಯ ಈ ನಾಡಿನಲ್ಲಿ ಅದು ಹಾಗೆ ಹೋಗುತ್ತಿರುವುದು ನಿಜಕ್ಕೂ ನಷ್ಟ.

ರಾಗಿ ಮತ್ತು ದಾಳಿಂಬೆ ಸಿಪ್ಪೆ

ರಾಗಿಯನ್ನು ಹಗೇವು ಎಂಬ ನೆಲಗುಂಡಿಯ ಕಣಜಗಳಲ್ಲಿ ವರ್ಷಗಟ್ಟಲೆ ಹುಳ ಹಿಡಿಯದಂತೆ ಇಡುತ್ತಿದ್ದುದು ಬಯಲುಸೀಮೆಯ ರೈತರಿಗೆ ಗೊತ್ತಿರುವ ಸಂಗತಿ. ಕಾಳು ಚಿಕ್ಕದು, ಒಣಗಿದ್ದು, ಗಟ್ಟಿ ಎಂಬುದು ಒಂದು ಕಾರಣ. ಸಿಪ್ಪೆಯಲ್ಲಿನ ಪಾಲಿಫೀನಾಲ್‌ಗಳು ಇನ್ನೊಂದು. ಮೈಸೂರು ವಿಶ್ವವಿದ್ಯಾನಿಲಯ ಮತ್ತು ಸಿಎಫ್‌ಟಿಆರ್‌ಐನ ವರ್ಷಾ ವಿಶ್ವನಾಥ್, ಆಸ್ನಾ ಉರೂಜ್, ಎನ್. ಜಿ. ಮಲ್ಲೇಶಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಡೀ ರಾಗಿಹಿಟ್ಟಿನ ಸಾರಕ್ಕಿಂತ ರಾಗಿಸಿಪ್ಪೆಯ ಸಾರ ಬ್ಯಾಸಿಲಸ್ ಸೀರಿಯಸ್ ಮತ್ತು ಆಸ್ಪರ್‌ಜಿಲಸ್ ಫ್ಲೇವಸ್ ಎಂಬ ಶಿಲೀಂಧ್ರವನ್ನು ಹೆಚ್ಚು ಬಲವಾಗಿ ತಡೆಯಿತು. ಈ ಎರಡೂ ಈ ಸೀಮೆಗೆ ನೇರ ಸಂಬಂಧಿಸಿದವು. ಮೊದಲನೆಯದು ಅನ್ನದ ಶತ್ರು. ಎರಡನೆಯದು ಪಾವಗಡ, ಸಿರಾಗಳ ಮುಖ್ಯ ಫಸಲಾದ ಕಡಲೆಕಾಯಿಯಲ್ಲಿ ಬರಗಾಲದ ವರ್ಷ ಅಫ್ಲಟಾಕ್ಸಿನ್ ವಿಷ ಕಟ್ಟುವ ಶಿಲೀಂಧ್ರ. ಇದರಿಂದ ಮುದ್ದೆ ತಿಂದವರಿಗೆ ಆಹಾರವಿಷ ತಗಲದು ಎಂಬ ತೀರ್ಮಾನಕ್ಕೆ ಬರುವಂತಿಲ್ಲ. ಪರೀಕ್ಷಿಸಿದ್ದು ಸಿಪ್ಪೆಯಿಂದ ಬೇರ್ಪಡಿಸಿ ಗಟ್ಟಿಗೊಳಿಸಿದ ಸಾರವನ್ನು, ಬೆಂದ ಮುದ್ದೆಯನ್ನಲ್ಲ.

ದಾಳಿಂಬೆ ಸಿಪ್ಪೆಯ ಮೇಲೆ ಕೆಲಸ ಇನ್ನೂ ಮುಂದೆ ಹೋಗಿದೆ. ಸಿಎಫ್‌ಟಿಆರ್‌ಐನ ಪಿ. ಎಸ್. ನೇಗಿ, ಜಿ. ಕೆ. ಜಯಪ್ರಕಾಶ 2003ರಲ್ಲಿ ಸಿಪ್ಪೆಯ ಸಾರಗಳು ಬ್ಯಾಸಿಲಸ್, ಸ್ಟ್ಯಾಫಿಲೋಕಾಕಸ್ ಮೊದಲಾದವನ್ನು ತಡೆಯುವುದನ್ನು ತೋರಿಸಿದರು. ಸಾರ ತೆಗೆದ ದ್ರವ ಬದಲಾದಂತೆ ಬಲವೂ ಬದಲಾಗುತ್ತಿತ್ತು. ಇದೇ ತಂಡ 1999ರಲ್ಲಿ ಅರಿಸಿನದಿಂದ ಕುರ್ಕ್ಯುಮಿನ್ ತೆಗೆದಮೇಲೆ ಉಳಿಯುವ ತೈಲಕ್ಕೂ ಬ್ಯಾಕ್ಟೀರಿಯಾ ತಡೆಯುವ ಗುಣ ಇರುವುದನ್ನು ಕಂಡುಕೊಂಡಿತ್ತು. ಕೈಗಾರಿಕೆ ಬೇಡವೆಂದು ಬಿಡುವ ಉಳಿಕೆಯಲ್ಲಿ ಉಪಯೋಗ ಹುಡುಕುವ ಈ ದೃಷ್ಟಿ ಮೈಸೂರಿನ ಸಂಶೋಧನೆಯ ಒಂದು ದೊಡ್ಡ ಗುಣ. ಮುಂದೆ 2010ರಲ್ಲಿ ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದವರು ದಾಳಿಂಬೆ ಸಿಪ್ಪೆಯ ಸಾರವನ್ನು ಕೋಳಿಮಾಂಸದ ತಿನಿಸುಗಳಿಗೆ ಬೆರೆಸಿ, ಶೀತಲದಲ್ಲಿಟ್ಟಾಗ ಅವುಗಳ ಬಾಳಿಕೆ ಎರಡು ಮೂರು ವಾರ ಹೆಚ್ಚಿದ್ದನ್ನು ವರದಿ ಮಾಡಿದರು. ಸ್ಟ್ಯಾಫಿಲೋಕಾಕಸ್ ಮತ್ತು ಬ್ಯಾಸಿಲಸ್ ಸೀರಿಯಸ್‌ಗೆ ಶೇ. 0.01ರಷ್ಟು ಸಾರ ಸಾಕಾಯಿತು. ಇ. ಕೋಲಿ, ಸಾಲ್ಮೊನೆಲ್ಲಾಗಳ ಮೇಲೆ ಮಾತ್ರ ಅದು ನಾಟಲಿಲ್ಲ.

ದೊಡ್ಡಪತ್ರೆ, ಓಮಗಳ ಬಗ್ಗೆ ಒಂದು ಮಾತು. ಓಮದ ತೈಲದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಸಾಮಾನ್ಯವಾಗಿ ಥೈಮಾಲ್. ದೊಡ್ಡಪತ್ರೆಯಲ್ಲಿ ಕಾರ್ವಕ್ರಾಲ್, ಥೈಮಾಲ್ ಎರಡೂ ಇದ್ದು, ಗಿಡದಿಂದ ಗಿಡಕ್ಕೆ ಪ್ರಮಾಣ ವ್ಯತ್ಯಾಸವಾಗುತ್ತದೆ. 2000ದಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಅನ್ನದಲ್ಲೇ ಬ್ಯಾಸಿಲಸ್ ಸೀರಿಯಸ್ ಬೆಳೆಸಿ, ಕಾರ್ವಕ್ರಾಲ್ ಅದನ್ನು ಅದುಮುವುದನ್ನೂ ಸೈಮೀನ್ ಎಂಬ ಇನ್ನೊಂದು ತೈಲಾಂಶ ಜೊತೆಗಿದ್ದರೆ ಕಡಿಮೆ ಕಾರ್ವಕ್ರಾಲ್ ಸಾಕಾಗುವುದನ್ನೂ ತೋರಿಸಿದ್ದಾರೆ. ಒಂದೇ ವಸ್ತುವನ್ನು ಶುದ್ಧಗೊಳಿಸಿ ಬಳಸುವುದಕ್ಕಿಂತ ಗಿಡದ ಹಲವು ಅಂಶಗಳ ಕೂಟ ಮೇಲೆಂಬುದಕ್ಕೆ ಇದೊಂದು ನಿದರ್ಶನ. ಇನ್ನು ನೀರಿನ ವಿಷಯಕ್ಕೆ ಬಂದರೆ, ನುಗ್ಗೆಬೀಜದಲ್ಲಿ ಧನ ವಿದ್ಯುದಂಶದ ಪ್ರೋಟೀನು ಇದೆ. ಕದಡಿದ ನೀರಿನ ಕೆಸರನ್ನು ತಳಕ್ಕಿಳಿಸುವಾಗ ಬ್ಯಾಕ್ಟೀರಿಯಾಗಳ ಪೊರೆಯನ್ನೂ ಅದು ಕೆಡಿಸುತ್ತದೆ. ಆದರೆ ಬೀಜದ ಉಳಿದ ಅಂಶಗಳು ನೀರಿನಲ್ಲೇ ಉಳಿದು ಬ್ಯಾಕ್ಟೀರಿಯಾಗಳಿಗೆ ಮತ್ತೆ ಮೇವಾಗುತ್ತವೆ. ಆದ್ದರಿಂದ ಕುಡಿಯುವ ನೀರನ್ನು ಕುದಿಸುವುದನ್ನು ಬಿಡಬಾರದು.

ತಟ್ಟೆಯ ಮೇಲಿನ ವೃತ್ತ ಮತ್ತು ನಿಜವಾದ ಊಟ

ಕಾಲೇಜುಗಳ ಪ್ರಯೋಗಾಲಯದಲ್ಲಿ ಹೆಚ್ಚಾಗಿ ಮಾಡುವ ಪರೀಕ್ಷೆ ಸರಳ. ಅಗರ್ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಹರಡಿ, ಸಾರದಲ್ಲಿ ನೆನೆಸಿದ ಕಾಗದದ ಬಿಲ್ಲೆಯಿಟ್ಟು, 37 ಡಿಗ್ರಿ ಶಾಖದಲ್ಲಿ ಒಂದು ದಿನ ಬಿಡುತ್ತಾರೆ. ಬಿಲ್ಲೆಯ ಸುತ್ತ ಏನೂ ಬೆಳೆಯದ ತೆರವಾದ ವೃತ್ತ ಮೂಡಿದರೆ ಸಾರಕ್ಕೆ ಬಲವಿದೆ ಎಂದರ್ಥ. ಈ ಪರೀಕ್ಷೆ ಗಿಡಗಳನ್ನು ಮೊದಲ ಸುತ್ತಿನಲ್ಲಿ ಜರಡಿ ಹಿಡಿಯಲು ಒಳ್ಳೆಯದು, ಅದಕ್ಕಿಂತ ಮುಂದೆ ಹೋಗದು. ವೃತ್ತದ ಅಗಲ ಸಾರ ಅಗರ್‌ನಲ್ಲಿ ಎಷ್ಟು ಸಲೀಸಾಗಿ ಹರಡುತ್ತದೆಂಬುದನ್ನೂ ಅವಲಂಬಿಸಿದೆ; ನೀರಿನಲ್ಲಿ ಕರಗದ ತೈಲ ಬಲಶಾಲಿಯಾದರೂ ಚಿಕ್ಕ ವೃತ್ತ ತೋರಿಸಬಹುದು. ಬೆಳವಣಿಗೆ ನಿಲ್ಲಿಸುವ ಕನಿಷ್ಠ ಪ್ರಮಾಣವನ್ನು ದ್ರವದಲ್ಲಿ ಅಳೆಯುವುದು ಇದಕ್ಕಿಂತ ನಂಬಲರ್ಹ ವಿಧಾನ.

ಅದೂ ಊಟದ ತಟ್ಟೆಗೆ ಬಂದಾಗ ಸಾಲದು. ಸಾರಾ ಬರ್ಟ್ 2004ರ ತಮ್ಮ ಸಮೀಕ್ಷೆಯಲ್ಲಿ ಕಲೆಹಾಕಿದಂತೆ, ಪ್ರಯೋಗಾಲಯದಲ್ಲಿ ಸಾಕಾದ ಸುಗಂಧತೈಲದ ಪ್ರಮಾಣ ಹಾಲಿನಲ್ಲಿ ಸುಮಾರು 2 ಪಟ್ಟು, ಸೂಪಿನಲ್ಲಿ 50 ಪಟ್ಟು, ಮೆದು ಚೀಸ್‌ನಲ್ಲಿ 25ರಿಂದ 100 ಪಟ್ಟು ಬೇಕಾಗುತ್ತದೆ. ಆಹಾರದ ಕೊಬ್ಬು ತೈಲವನ್ನು ಹೀರಿಕೊಳ್ಳುತ್ತದೆ. ಪ್ರೋಟೀನು ಟ್ಯಾನಿನ್‌ಗೆ ಅಂಟಿಕೊಳ್ಳುತ್ತದೆ. ಅಷ್ಟು ಓಮದೆಣ್ಣೆ ಬಿದ್ದ ಸಾರನ್ನು ಯಾರೂ ಬಾಯಿಗಿಡಲಾರರು. ತೈಲವನ್ನು ಅತಿಸಣ್ಣ ಹನಿಗಳಾಗಿ ಒಡೆಯುವ, ಪಿಷ್ಟದ ಕವಚದಲ್ಲಿಡುವ, ಹಣ್ಣಿನ ಮೇಲಿನ ತಿನ್ನಬಹುದಾದ ಪದರದಲ್ಲಿ ಸೇರಿಸುವ ತಂತ್ರಗಳು ಈ ತೊಡಕಿಗೆ ಉತ್ತರವಾಗಿ ಬೆಳೆಯುತ್ತಿವೆ.

ಬಿಸಿನಾಡಿನವರು ಮಸಾಲೆ ಹೆಚ್ಚು ತಿನ್ನುವುದು ಬ್ಯಾಕ್ಟೀರಿಯಾಗಳ ಭಯಕ್ಕೆ ಎಂಬ ವಾದ 1998ರಿಂದ ಜನಪ್ರಿಯವಾಗಿದೆ. ಜೆನಿಫರ್ ಬಿಲ್ಲಿಂಗ್, ಪಾಲ್ ಶೆರ್ಮನ್ 36 ದೇಶಗಳ 4,578 ಅಡುಗೆ ವಿಧಾನಗಳನ್ನು ನೋಡಿ ಹಾಗೆ ವಾದಿಸಿದರು. 2021ರಲ್ಲಿ 70 ಪಾಕಪದ್ಧತಿಗಳ 33,750 ಅಡುಗೆಗಳನ್ನು ಪರಿಶೀಲಿಸಿದ ಇನ್ನೊಂದು ತಂಡಕ್ಕೆ ಅದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ನಮ್ಮ ಅಜ್ಜಿಯರು ಸೂಕ್ಷ್ಮಜೀವಿಶಾಸ್ತ್ರ ಅರಿತೇ ಒಗ್ಗರಣೆ ಹಾಕುತ್ತಿದ್ದರೆಂಬ ಮಾತನ್ನು ಈ ಎರಡನೆಯ ಅಧ್ಯಯನ ಓದಿದ ಮೇಲೆ ಎಚ್ಚರದಿಂದ ಆಡಬೇಕು.

ಮಸಾಲೆಯೇ ರೋಗಾಣು ತರುವುದೂ ಉಂಟು. ಮೆಣಸು, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿಗಳನ್ನು ನೆಲದ ಮೇಲೆ, ರಸ್ತೆಯ ಮೇಲೆ ಒಣಗಿಸಿದಾಗ ಮಣ್ಣಿನ ಬೀಜಾಣುಗಳು ಅಂಟುತ್ತವೆ. ಹಕ್ಕಿ, ಇಲಿಗಳ ಹಿಕ್ಕೆಯಿಂದ ಸಾಲ್ಮೊನೆಲ್ಲಾ ಸೇರಬಹುದು. ಇನ್ನೂ ಕಟುವಾದ ನಿದರ್ಶನ ಬೆಳ್ಳುಳ್ಳಿಯದು. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಎಣ್ಣೆಯಲ್ಲಿ ಮುಳುಗಿಸಿಟ್ಟ ಕತ್ತರಿಸಿದ ಬೆಳ್ಳುಳ್ಳಿಯಿಂದ 36 ಜನಕ್ಕೆ ಬಾಟ್ಯುಲಿಸಂ ತಗಲಿತು. ಗಾಳಿಯಾಡದ ಎಣ್ಣೆಯಡಿ, ಹುಳಿಯಿಲ್ಲದೆ, ಶೀತಲದಲ್ಲಿಡದೆ ಬಿಟ್ಟಾಗ ಜಗತ್ತಿನ ಅತಿ ಪ್ರಸಿದ್ಧ ಸೂಕ್ಷ್ಮಜೀವಿನಿರೋಧಕದ ಮೈಮೇಲೆಯೇ ಮಾರಕ ಬ್ಯಾಕ್ಟೀರಿಯಾ ಬೆಳೆಯಿತು. ನಮ್ಮ ಬೆಳ್ಳುಳ್ಳಿ ಉಪ್ಪಿನಕಾಯಿ ಬದುಕಿರುವುದು ಹುಣಸೆ ಅಥವಾ ನಿಂಬೆಹುಳಿ ಮತ್ತು ಧಾರಾಳ ಉಪ್ಪಿನ ಆಸರೆಯಿಂದ. ಆರೋಗ್ಯದ ಹೆಸರಿನಲ್ಲಿ ಅವೆರಡನ್ನೂ ಕಡಿಮೆ ಮಾಡಿ ಉಪ್ಪಿನಕಾಯಿ ಹಾಕುವವರು ಅದನ್ನು ಫ್ರಿಜ್‌ನಲ್ಲೇ ಇಡಬೇಕು.

ಸುರಕ್ಷತೆ ಮತ್ತು ಕಾನೂನು

ಗಿಡದ್ದೆಲ್ಲ ತಿನ್ನಲು ಯೋಗ್ಯವಲ್ಲ. ಎಕ್ಕ, ದತ್ತೂರಿ, ಲಂಟಾನ, ಹೊಂಗೆ, ಸೀತಾಫಲದ ಬೀಜ ಇವುಗಳ ಸಾರಗಳೂ ಅಗರ್ ತಟ್ಟೆಯಲ್ಲಿ ವೃತ್ತ ಮೂಡಿಸಬಲ್ಲವು. ಅವುಗಳಿಗೆ ಅಡುಗೆಮನೆಯಲ್ಲಿ ಜಾಗವಿಲ್ಲ. ಬೇವಿನೆಣ್ಣೆ ಕುಡಿಸಿದ ಎಳೆಯ ಮಕ್ಕಳಿಗೆ ಪ್ರಾಣಾಪಾಯವಾದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಮೆಥನಾಲ್‌ನಿಂದ ತೆಗೆದ ಸಾರ ಪರೀಕ್ಷೆಗೆ ಸರಿ, ಊಟಕ್ಕಲ್ಲ. ನೀರಿನ ಕಷಾಯದಲ್ಲಿ ಟ್ಯಾನಿನ್ ಇಳಿಯುತ್ತದೆ, ತೈಲಾಂಶ ಬಹುಪಾಲು ಹಬೆಯ ಜೊತೆ ಹಾರಿಹೋಗುತ್ತದೆ. ಆದ್ದರಿಂದ ಮೆಥನಾಲ್ ಸಾರದ ಫಲಿತಾಂಶವನ್ನು ಮನೆಯ ಕಷಾಯಕ್ಕೆ ಆರೋಪಿಸುವುದು ಸಲ್ಲದು.

ಭಾರತದ ಕಾನೂನು ಮಸಾಲೆಗೆ ಗೌರವದ ಸ್ಥಾನವನ್ನೇ ಕೊಟ್ಟಿದೆ. 2006ರ ಆಹಾರ ಸುರಕ್ಷತೆ ಕಾಯ್ದೆಯಡಿ ಬಂದ 2011ರ ನಿಯಮಗಳು ಉಪ್ಪು, ಸಕ್ಕರೆ, ಮಸಾಲೆ, ವಿನೆಗರ್, ಜೇನುತುಪ್ಪ, ಖಾದ್ಯತೈಲಗಳನ್ನು ಮೊದಲ ವರ್ಗದ ಸಂರಕ್ಷಕಗಳೆಂದು ಪಟ್ಟಿಮಾಡಿವೆ. ಬೆಂಜೋಯಿಕ್ ಆಮ್ಲದಂಥವು ಎರಡನೆಯ ವರ್ಗ, ಮಿತಿಗೆ ಒಳಪಟ್ಟವು. ಆದರೆ ಗಿಡದಿಂದ ಗಟ್ಟಿಗೊಳಿಸಿ ತೆಗೆದ ಹೊಸ ಸಾರವನ್ನು ಮಸಾಲೆ ಎನ್ನಲಾಗದು; ಅದರ ಸುರಕ್ಷತೆ ರುಜುವಾತಾಗಬೇಕು, ಒಪ್ಪಿಗೆ ಸಿಗಬೇಕು.

ಈ ಸೀಮೆಗೆ ಯಾವುದು ಉಪಯುಕ್ತ

ಆಹಾರ ವಿಜ್ಞಾನಿಗಳು ಇಂದು ಒಪ್ಪುವ ದಾರಿ ಹಲವು ತಡೆಗಳದು: ಸ್ವಲ್ಪ ಹುಳಿ, ಸ್ವಲ್ಪ ಉಪ್ಪು, ನೀರಿನಂಶ ಕಡಿಮೆ, ಸಾಕಷ್ಟು ಶಾಖ, ಅದರ ಮೇಲೆ ಸಸ್ಯಸಾರ. ಒಂದೊಂದೂ ಒಂಟಿಯಾಗಿ ಸೋಲುವಲ್ಲಿ ಒಟ್ಟಾಗಿ ಗೆಲ್ಲುತ್ತವೆ. ಜರ್ಮನಿಯ ಲೋಥರ್ ಲೈಸ್ಟ್‌ನರ್ 1970ರ ದಶಕದಲ್ಲಿ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟರು. ನಮ್ಮ ಗೊಜ್ಜು, ತೊಕ್ಕು, ಉಪ್ಪಿನಕಾಯಿಗಳ ವಿವರಣೆ ಇದರಲ್ಲಿ ಸಿಗುತ್ತದೆ.

ಕೊಡಿಗೇನಹಳ್ಳಿಯ ಸುತ್ತಲಿನ ಗಿಡಗಳ ಮೇಲೆ ಸಂಶೋಧನೆ ಮಾಡಬಯಸುವ ವಿದ್ಯಾರ್ಥಿಗಳು ಅಪರೂಪದ ಮೂಲಿಕೆಯನ್ನು ಬೆಟ್ಟದಿಂದ ಕಿತ್ತು ತರುವುದನ್ನು ಬಿಡಬೇಕು. ಹುಣಸೆಬೀಜದ ಸಿಪ್ಪೆ, ದಾಳಿಂಬೆ ಸಿಪ್ಪೆ, ರಾಗಿಯ ತೌಡು ಟನ್ನುಗಟ್ಟಲೆ ಊರಿನಲ್ಲೇ ಸಿಗುತ್ತವೆ. ಅವನ್ನು ತೆಗೆದುಕೊಳ್ಳಲು ಒಂದು ಗಿಡವನ್ನೂ ಕಡಿಯಬೇಕಿಲ್ಲ. ಪರೀಕ್ಷೆಯನ್ನು ಅಗರ್ ತಟ್ಟೆಗೆ ನಿಲ್ಲಿಸದೆ ಚಿತ್ರಾನ್ನ, ಕಡಲೆಕಾಯಿ ಚಟ್ನಿ, ಹಸಿಮಾಂಸಗಳಲ್ಲಿ, ಮಾರ್ಚ್ ತಿಂಗಳ ಸೆಕೆಯಲ್ಲಿ ಮಾಡಬೇಕು. ಅಡುಗೆ ಮಾಡುವವರಿಗೆ ಹೇಳಬೇಕಾದದ್ದು ಇಷ್ಟು: ಹುಳಿ, ಬೆಳ್ಳುಳ್ಳಿ, ಅರಿಸಿನ ಎಷ್ಟೇ ಬಿದ್ದಿರಲಿ, ಬೆಂದ ಅನ್ನವನ್ನು ಎರಡು ಗಂಟೆಯೊಳಗೆ ಬಡಿಸಿ, ಇಡಲೇಬೇಕಾದರೆ 60 ಡಿಗ್ರಿಗಿಂತ ಬಿಸಿಯಾಗಿಡಿ, ಇಲ್ಲವೆ ಅಗಲವಾದ ತಟ್ಟೆಗಳಲ್ಲಿ ತೆಳುವಾಗಿ ಹರಡಿ ಬೇಗ ಆರಿಸಿ ಫ್ರಿಜ್‌ಗೆ ಸೇರಿಸಿ.